ಓರಿಯನ್ ನೀಹಾರಿಕೆ ಮತ್ತು ಅದರ ಸುತ್ತಲಿನ ನಕ್ಷತ್ರಗುಚ್ಛಗಳು: ಒಂದೇ ಚೌಕಟ್ಟಿನಲ್ಲಿ ಫೋಟೊ ತೆಗೆಯುವುದು ಹೇಗೆ?

ಡಿಸೆಂಬರ್ ಬಂತೆಂದರೆ ನನಗೆ ಒಂದೇ ಥರದ ಪ್ರಶ್ನೆ ಬರಲು ಶುರುವಾಗುತ್ತದೆ. "ಟೆಲಿಸ್ಕೋಪ್‌ಗೆ ಕ್ಯಾಮೆರಾ ಹಾಕಿ ಓರಿಯನ್ ನೀಹಾರಿಕೆಯ ಫೋಟೊ ತೆಗೆದೆ. ನಡುವೆ ಒಂದು ಬಿಳಿ ಮಚ್ಚೆ, ಸುತ್ತ ಸ್ವಲ್ಪ ಗುಲಾಬಿ ಹೊಗೆ, ಅಷ್ಟೇ. ಬೇರೆಯವರ ಫೋಟೊದಲ್ಲಿ ಕಾಣುವ ನಕ್ಷತ್ರಗಳೆಲ್ಲ ನನ್ನದರಲ್ಲಿ ಎಲ್ಲಿ ಹೋದವು?" ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಪೂರ್ತಿ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಉತ್ತರದ ಸಾರವನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲಿ ದೊಡ್ಡ ಟೆಲಿಸ್ಕೋಪ್‌ಗಿಂತ ಚಿಕ್ಕದೇ ಒಳ್ಳೆಯದು. ಒಂದೇ ಉದ್ದದ ಎಕ್ಸ್‌ಪೋಷರ್ (ಶಟರ್ ತೆರೆದಿಡುವ ಹೊತ್ತು) ಸಾಲದು, ಮೂರು ಉದ್ದದವು ಬೇಕು. ಇನ್ನೊಂದು ಮಾತು, ನಕ್ಷತ್ರಗಳನ್ನು ನೀಹಾರಿಕೆಯ ಮುಂದೆ ಚೆಲ್ಲಿದ ಚುಕ್ಕಿಗಳು ಅಂದುಕೊಳ್ಳಬೇಡಿ. ಆ ಮೋಡ ಹೊಳೆಯುತ್ತಿರುವುದೇ ಅವುಗಳಿಂದ. ಅವು ಸುಟ್ಟು ಬಿಳಿಯಾದರೆ ಫೋಟೊದಲ್ಲಿ ಬೆಳಕಿದೆ, ದೀಪ ಇಲ್ಲ ಎಂಬಂತಾಗುತ್ತದೆ.

ಚೌಕಟ್ಟಿನೊಳಗೆ ಯಾರು ಯಾರು ಇದ್ದಾರೆ

ಓರಿಯನ್ ಅಂದರೆ ನಮ್ಮ ಮಹಾವ್ಯಾಧ. ಅವನ ಸೊಂಟಪಟ್ಟಿಯಲ್ಲಿ ಸಾಲಾಗಿ ಮೂರು ನಕ್ಷತ್ರಗಳಿವೆ, ಎಲ್ಲರೂ ನೋಡಿರುತ್ತೀರಿ. ಆ ಪಟ್ಟಿಯಿಂದ ದಕ್ಷಿಣಕ್ಕೆ ಇಳಿಬಿದ್ದ ಮಸುಕು ಗೆರೆಯೇ ಖಡ್ಗ. ನಮಗೆ ಬೇಕಾದದ್ದೆಲ್ಲ ಆ ಖಡ್ಗದಲ್ಲೇ ಇದೆ. ಉತ್ತರದಿಂದ ದಕ್ಷಿಣಕ್ಕೆ ಬರೋಣ.

ತುದಿಯಲ್ಲಿ ಎನ್‌ಜಿಸಿ 1981 (ಎನ್‌ಜಿಸಿ, ಎಂ ಎಂಬವು ಆಕಾಶಕಾಯಗಳ ಪಟ್ಟಿಗಳ ಹೆಸರು, ಮುಂದಿನದು ಆ ಪಟ್ಟಿಯ ಸಂಖ್ಯೆ). ಇದು ಬಿಡಿಬಿಡಿಯಾಗಿ ಹರಡಿದ ತೆರೆದ ಗುಚ್ಛ. ಒಂದೇ ಮೋಡದಿಂದ ಹುಟ್ಟಿ, ಸಡಿಲವಾಗಿ ಒಟ್ಟಿಗೇ ಇರುವ ನಕ್ಷತ್ರಗಳ ಗುಂಪಿಗೆ ತೆರೆದ ಗುಚ್ಛ ಅನ್ನುತ್ತಾರೆ. ಅದರ ಕೆಳಗೆ ಎನ್‌ಜಿಸಿ 1977, ಅಂದರೆ ಓಡುವ ಮನುಷ್ಯನ ಆಕಾರ ಕಾಣುವ ನೀಲಿ ನೀಹಾರಿಕೆ. ಇದಕ್ಕೆ ಮುಖ್ಯವಾಗಿ 42 ಓರಿಯಾನಿಸ್ ಎಂಬ ನಕ್ಷತ್ರದ ಬೆಳಕು ಬೀಳುತ್ತದೆ. ಅಲ್ಲಿರುವ ದೂಳು ಆ ಬೆಳಕನ್ನು ಚದುರಿಸುತ್ತದೆ, ಅದಕ್ಕೇ ನೀಲಿ. ಇನ್ನೂ ಕೆಳಗೆ ಎಂ43 ಎಂಬ ಪುಟ್ಟ ಮೋಡ. ಒಂದು ಕಪ್ಪು ದೂಳಿನ ಪಟ್ಟೆ ಅದನ್ನು ದೊಡ್ಡ ನೀಹಾರಿಕೆಯಿಂದ ಬೇರೆ ಮಾಡಿದೆ. ಆಮೇಲೆ ಎಂ42, ನಮ್ಮ ಓರಿಯನ್ ನೀಹಾರಿಕೆ. ದೂರ ಸುಮಾರು 1,340 ಜ್ಯೋತಿರ್ವರ್ಷ. ಆಕಾಶದಲ್ಲಿ ಒಂದು ಡಿಗ್ರಿಗೂ ಜಾಸ್ತಿ ಅಗಲ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು. ಅದರ ನಡುವೆ ಟ್ರಪೀಜಿಯಂ ಎಂಬ ಬಿಗಿಯಾದ ಗುಚ್ಛ. ಅದರಲ್ಲಿ ನಾಲ್ಕು ನಕ್ಷತ್ರಗಳು ಎದ್ದು ಕಾಣುತ್ತವೆ. ಅವುಗಳಲ್ಲಿ ಅತಿ ಪ್ರಕಾಶದ್ದೊಂದೇ ಮೋಡದ ಬಹುಪಾಲನ್ನು ಹೊಳೆಯಿಸುತ್ತಿದೆ. ಕೊನೆಗೆ ದಕ್ಷಿಣದಲ್ಲಿ ಅಯೋಟ ಓರಿಯಾನಿಸ್ ಎಂಬ ಪ್ರಕಾಶಮಾನ ನಕ್ಷತ್ರ, ಅದರ ಸುತ್ತ ಎನ್‌ಜಿಸಿ 1980 ಗುಚ್ಛ.

ಮೇಲಿನ ಗುಚ್ಛದಿಂದ ಕೆಳಗಿನ ಗುಚ್ಛಕ್ಕೆ ಸುಮಾರು ಒಂದೂವರೆ ಡಿಗ್ರಿ. ಇಷ್ಟರೊಳಗೆ ಮೋಡದ ಮಡಿಲಲ್ಲೇ ಇರುವ ಎಳೆ ನಕ್ಷತ್ರಗಳೂ ಇವೆ, ಸುತ್ತಲಿನ ಅನಿಲವೆಲ್ಲ ಚದುರಿ ಬರಿಯ ಗುಚ್ಛವಾಗಿ ಉಳಿದಿರುವ, ಸ್ವಲ್ಪ ವಯಸ್ಸಾದವೂ ಇವೆ. ಇಡೀ ಖಡ್ಗವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಿರಿ ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ. ಮೋಡದಿಂದ ಗುಚ್ಛ ಆಗುವ ಕಥೆ ಒಂದೇ ಫೋಟೊದಲ್ಲಿ ಕಾಣುತ್ತದೆ.

ಏನೇನು ಬೇಕು

ಟೆಲಿಸ್ಕೋಪ್: 400ರಿಂದ 600 ಮಿ.ಮೀ. ಫೋಕಲ್ ಲೆಂತ್ (ಲೆನ್ಸ್ ಅಥವಾ ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಇರುವುದು ಸಾಕು. ಫೋಕಲ್ ಲೆಂತ್ ಜಾಸ್ತಿಯಾದಷ್ಟೂ ಆಕಾಶದ ಚಿಕ್ಕ ತುಂಡು ಮಾತ್ರ ಸಿಗುತ್ತದೆ. ಲೆಕ್ಕ ಸುಲಭ. ಸೆನ್ಸರ್‌ನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, 57.3ರಿಂದ ಗುಣಿಸಿ. ಬರುವುದು ಡಿಗ್ರಿ. ಎಪಿಎಸ್-ಸಿ ಸೆನ್ಸರ್ 23.5 x 15.6 ಮಿ.ಮೀ. ಇರುತ್ತದೆ. 480 ಮಿ.ಮೀ. ಟೆಲಿಸ್ಕೋಪ್‌ಗೆ ಹಾಕಿದರೆ 2.8 x 1.9 ಡಿಗ್ರಿ ಸಿಗುತ್ತದೆ. ಖಡ್ಗ ಪೂರ್ತಿ ಹಿಡಿಸುತ್ತದೆ. ಅದೇ ಕ್ಯಾಮೆರಾವನ್ನು 1,000 ಮಿ.ಮೀ.ಗೆ ಹಾಕಿದರೆ 1.35 x 0.9 ಡಿಗ್ರಿ. ನೀಹಾರಿಕೆಯೇನೋ ಬರುತ್ತದೆ, ಮೇಲಿನ ಕೆಳಗಿನ ಗುಚ್ಛಗಳು ಹೊರಗೆ. 2,000 ಮಿ.ಮೀ.ಗೆ ಹೋದರೆ ನೀಹಾರಿಕೆಯ ಹೊಟ್ಟೆ ಮಾತ್ರ. "ಸುತ್ತ ಏನೂ ಇಲ್ಲ" ಎಂದು ಬರೆಯುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಇಷ್ಟೇ. ದೊಡ್ಡ ಟೆಲಿಸ್ಕೋಪ್ ಮಾತ್ರ ಇದ್ದರೆ ಮೇಲೊಂದು ಕೆಳಗೊಂದು ಚೌಕಟ್ಟು ತೆಗೆದು ಆಮೇಲೆ ಜೋಡಿಸಬಹುದು. ಮೊದಲ ಸಲಕ್ಕೆ ಮಾತ್ರ ಆ ಕಷ್ಟ ಬೇಡ.

ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಭಾಗ): ಟೆಲಿಸ್ಕೋಪ್‌ಗಿಂತ ಇದಕ್ಕೇ ಜಾಸ್ತಿ ಗಮನ ಕೊಡಿ. ಭೂಮಿ ತಿರುಗುವುದರಿಂದ ಇಲ್ಲಿನ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತವೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್. 480 ಮಿ.ಮೀ.ನಲ್ಲಿ ಒಂದು ಪಿಕ್ಸೆಲ್ ಅಂದರೆ ಹೆಚ್ಚುಕಡಿಮೆ 1.7 ಆರ್ಕ್‌ಸೆಕೆಂಡ್. ಮೌಂಟ್ ತಿರುಗದಿದ್ದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ನಕ್ಷತ್ರ ಮುಂದಿನ ಪಿಕ್ಸೆಲ್‌ಗೆ ಹೋಗಿಬಿಡುತ್ತದೆ. ಹಾಗಾಗಿ ಮೋಟಾರ್ ಇರುವ ಈಕ್ವಟೋರಿಯಲ್ ಮೌಂಟ್ ಬೇಕೇ ಬೇಕು. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತನ್ನ ಒಂದು ಅಕ್ಷವನ್ನು ನಿಲ್ಲಿಸಿ, ಭೂಮಿ ತಿರುಗುವ ವೇಗದಲ್ಲೇ ಎದುರು ದಿಕ್ಕಿಗೆ ತಿರುಗುವ ಮೌಂಟ್ ಇದು. ಮೇಲೆ-ಕೆಳಗೆ, ಎಡ-ಬಲ ಮಾತ್ರ ಹೋಗುವ ಮೌಂಟ್ ನಕ್ಷತ್ರವನ್ನು ನಡುವೆ ಹಿಡಿದಿಡುತ್ತದೆ ನಿಜ. ಆದರೆ ಚೌಕಟ್ಟು ನಿಧಾನವಾಗಿ ಸುತ್ತುತ್ತದೆ, ಮೂಲೆಯ ನಕ್ಷತ್ರಗಳು ಕಮಾನಾಗುತ್ತವೆ. ನಿಮ್ಮ ಹತ್ತಿರ ಅದೇ ಇದ್ದರೆ ಎಕ್ಸ್‌ಪೋಷರ್ ಚಿಕ್ಕದಾಗಿಯೇ ಇಟ್ಟುಕೊಳ್ಳಿ.

ಕ್ಯಾಮೆರಾ: ಕೈಯಲ್ಲಿ ಸೆಟ್ಟಿಂಗ್ ಬದಲಾಯಿಸಬಹುದಾದ, ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಫೈಲ್) ಕೊಡುವ ಯಾವುದಾದರೂ ಸರಿ. ಹೈಡ್ರೋಜನ್‌ನ ಕೆಂಪು ಬೆಳಕಿನ ತರಂಗಾಂತರ 656.3 ನ್ಯಾನೋಮೀಟರ್. ಮಾಮೂಲಿ ಕ್ಯಾಮೆರಾದೊಳಗಿನ ಫಿಲ್ಟರ್ ಅದನ್ನು ಬಹಳಷ್ಟು ತಡೆಯುತ್ತದೆ. ಬೇರೆ ನೀಹಾರಿಕೆಗಳಿಗೆ ಇದು ದೊಡ್ಡ ಕೊರತೆ. ಎಂ42 ಮಾತ್ರ ಎಷ್ಟು ಪ್ರಕಾಶಮಾನ ಅಂದರೆ, ಬದಲಾಯಿಸದ ಕ್ಯಾಮೆರಾದಲ್ಲೂ ಗುಲಾಬಿ ಚೆನ್ನಾಗಿ ಬರುತ್ತದೆ. ಸುಮ್ನೆ ಕ್ಯಾಮೆರಾ ಬಿಚ್ಚಿಸಲು ಹೋಗಬೇಡಿ.

ಕ್ಯಾಮೆರಾವನ್ನು ಟೆಲಿಸ್ಕೋಪ್‌ಗೆ ಕೂರಿಸಲು ಟಿ-ರಿಂಗ್ ಎಂಬ ಬಳೆ ಬೇಕು. ಲೆನ್ಸ್ ಟೆಲಿಸ್ಕೋಪ್ ಆದರೆ ಫೀಲ್ಡ್ ಫ್ಲ್ಯಾಟನರ್, ಕನ್ನಡಿಯ ನ್ಯೂಟೋನಿಯನ್ ಆದರೆ ಕೋಮಾ ಕರೆಕ್ಟರ್ ಹಾಕಿ. ಎರಡರ ಕೆಲಸವೂ ಒಂದೇ, ಅಂಚಿನ ನಕ್ಷತ್ರಗಳನ್ನು ದುಂಡಗೆ ಇಡುವುದು. ನಮ್ಮ ಗುಚ್ಛಗಳು ಇರುವುದೇ ಚೌಕಟ್ಟಿನ ಎರಡು ತುದಿಗೆ. ಹಾಗಾಗಿ ಇಲ್ಲಿ ಇದು ಆಡಂಬರ ಅಲ್ಲ. ಹೆಚ್ಚಿನವುಗಳಿಗೆ ಸೆನ್ಸರ್‌ನಿಂದ 55 ಮಿ.ಮೀ. ಅಂತರ ಇರಬೇಕು. ತಯಾರಕರು ಹೇಳಿದ ಅಳತೆಯನ್ನು ಒಮ್ಮೆ ನೋಡಿಕೊಳ್ಳಿ. ನ್ಯೂಟೋನಿಯನ್ ಇರುವವರಿಗೆ ಒಂದು ಎಚ್ಚರಿಕೆ. ಕಣ್ಣಿಂದ ನೋಡಲು ಮಾಡಿದ ಕೆಲವು ಟೆಲಿಸ್ಕೋಪ್‌ಗಳಲ್ಲಿ ಫೋಕಸರ್ ಪೂರ್ತಿ ಒಳಗೆ ತಳ್ಳಿದರೂ ಕ್ಯಾಮೆರಾಗೆ ಫೋಕಸ್ ಸಿಗುವುದಿಲ್ಲ. ಹಗಲಲ್ಲೇ ದೂರದ ಮರಕ್ಕೆ ಹಿಡಿದು ಪರೀಕ್ಷೆ ಮಾಡಿ. ಹೀಗೆ ನೋಡುವಾಗ ಸೂರ್ಯ ಇರುವ ಕಡೆಗೆ ಟೆಲಿಸ್ಕೋಪ್ ತಿರುಗಿಸಲೇಬೇಡಿ.

ಇವುಗಳ ಜೊತೆಗೆ ಸಾಲಾಗಿ ತಾನೇ ಫೋಟೊ ತೆಗೆಸುವ ಇಂಟರ್ವಲ್ ಟೈಮರ್, ತುಂಬಿದ ಬ್ಯಾಟರಿಗಳು, ಲೆನ್ಸ್ ಸುತ್ತ ಕಟ್ಟುವ ಇಬ್ಬನಿ ಹೀಟರ್, ಕೆಂಪು ಟಾರ್ಚ್ ಇರಲಿ.

ಹಂತ 1: ರಾತ್ರಿ ಆರಿಸಿಕೊಳ್ಳುವುದು

ಎಂ42 ಡಿಸೆಂಬರ್ ಮಧ್ಯದಲ್ಲಿ ನಡುರಾತ್ರಿಗೆ ಅತಿ ಎತ್ತರಕ್ಕೆ ಬರುತ್ತದೆ. ಆಮೇಲೆ ತಿಂಗಳಿಗೆ ಎರಡು ಗಂಟೆ ಬೇಗ. ಜನವರಿ ಮಧ್ಯಕ್ಕೆ ರಾತ್ರಿ 10ರ ಸುಮಾರು, ಫೆಬ್ರುವರಿ ಮಧ್ಯಕ್ಕೆ 8. ನವೆಂಬರ್‌ನಿಂದ ಮಾರ್ಚ್ ಆರಂಭದವರೆಗೆ ಕೆಲಸ ಮಾಡಬಹುದು. ಇದು ಆಕಾಶದ ಸಮಭಾಜಕದ ಹತ್ತಿರವೇ ಇರುವುದರಿಂದ ಉತ್ತರ ಗೋಳಾರ್ಧ, ದಕ್ಷಿಣ ಗೋಳಾರ್ಧ ಎರಡರಿಂದಲೂ ಕಾಣುತ್ತದೆ.

ಅಮಾವಾಸ್ಯೆಯ ಆಚೀಚಿನ ಐದಾರು ದಿನ ಆರಿಸಿಕೊಳ್ಳಿ. ಚಂದ್ರನ ಬೆಳಕಿದ್ದರೆ ಟ್ರಪೀಜಿಯಂಗೆ ಏನೂ ಆಗುವುದಿಲ್ಲ, ಎನ್‌ಜಿಸಿ 1977ರ ನೀಲಿ ಮಾತ್ರ ಅಳಿಸಿಹೋಗುತ್ತದೆ. ನೀಹಾರಿಕೆ ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಮಾತ್ರ ತೆಗೆಯಿರಿ. ಅದಕ್ಕಿಂತ ಕೆಳಗೆ ಗಾಳಿಯ ಪದರ ದಪ್ಪ, ನಕ್ಷತ್ರಗಳು ಉಬ್ಬುತ್ತವೆ.

ಹಂತ 2: ಮೌಂಟನ್ನು ಧ್ರುವಕ್ಕೆ ಹೊಂದಿಸುವುದು

ಕತ್ತಲಾಗುವ ಮೊದಲೇ ಮೌಂಟ್ ನಿಲ್ಲಿಸಿ, ಮಟ್ಟ ನೋಡಿ, ಟೆಲಿಸ್ಕೋಪ್ ಮತ್ತು ಕ್ಯಾಮೆರಾ ಎರಡನ್ನೂ ಹಾಕಿದ ಮೇಲೆಯೇ ತೂಕ ಸಮ ಮಾಡಿ. ಆಮೇಲೆ ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ತಿರುಗಿಸಬೇಕು. ಧ್ರುವ ನಕ್ಷತ್ರ ಸರಿಯಾಗಿ ಧ್ರುವದ ಮೇಲೆ ಇಲ್ಲ. ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಆಚೆಗಿದೆ. "ಧ್ರುವ ನಕ್ಷತ್ರವನ್ನು ನಡುವೆ ಇಟ್ಟೆ, ಆದರೂ ಗೆರೆ ಬರುತ್ತಿದೆ" ಅನ್ನುವವರು ಇಲ್ಲಿಯೇ ಎಡವಿರುತ್ತಾರೆ. ಮೌಂಟ್‌ನ ಅಕ್ಷದಲ್ಲಿರುವ ಚಿಕ್ಕ ದುರ್ಬೀನು, ಅಂದರೆ ಪೋಲಾರ್ ಸ್ಕೋಪ್‌ನ ವೃತ್ತದಲ್ಲಿ ಆ ಹೊತ್ತಿಗೆ ಅದು ಎಲ್ಲಿರಬೇಕು ಎಂದು ಫೋನ್ ಆಪ್ ತೋರಿಸುತ್ತದೆ, ಅಲ್ಲಿಗೆ ತನ್ನಿ.

ಧ್ರುವ ನಕ್ಷತ್ರ ಮರೆಯಾಗಿದ್ದರೆ, ಅಥವಾ ನೀವು ದಕ್ಷಿಣ ಗೋಳಾರ್ಧದಲ್ಲಿದ್ದರೆ, ಡ್ರಿಫ್ಟ್ ವಿಧಾನ ಇದೆ. ಸಮಭಾಜಕದ ಹತ್ತಿರದ ಒಂದು ನಕ್ಷತ್ರವನ್ನು ಹಿಡಿದು, ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರುವುದನ್ನು ನೋಡಿ ಮೌಂಟ್ ತಿದ್ದುತ್ತಾ ಹೋಗುವುದು. ಸಮಯ ಹಿಡಿಯುತ್ತದೆ, ಫಲ ಮಾತ್ರ ಖಂಡಿತ. ಕಂಪ್ಯೂಟರ್ ಇದ್ದರೆ ನೀನಾ ಎಂಬ ಉಚಿತ ತಂತ್ರಾಂಶ ಫೋಟೊ ನೋಡಿಯೇ ಎಷ್ಟು ತಿದ್ದಬೇಕು ಎಂದು ಹೇಳುತ್ತದೆ.

ಓರಿಯನ್ ವಿಷಯದಲ್ಲಿ ಇದನ್ನು ಅವಸರ ಮಾಡಬೇಡಿ. ಸಮಭಾಜಕದ ಹತ್ತಿರದ ನಕ್ಷತ್ರಗಳೇ ಆಕಾಶದಲ್ಲಿ ಅತಿ ವೇಗವಾಗಿ ಸರಿಯುವುದು. ಮೌಂಟ್ ಹಲ್ಲುಚಕ್ರದ ಸಣ್ಣ ತಪ್ಪೂ ಇಲ್ಲಿ ಎದ್ದು ಕಾಣುತ್ತದೆ.

ಹಂತ 3: ಫೋಕಸ್

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ನೀಹಾರಿಕೆ ಮೊದಲೇ ಮಸುಕು, ಫೋಕಸ್ ಸ್ವಲ್ಪ ತಪ್ಪಿದರೂ ಗೊತ್ತಾಗುವುದಿಲ್ಲ. ಗುಚ್ಛ ಹಾಗಲ್ಲ. ಫೋಕಸ್ ಕೂದಲೆಳೆಯಷ್ಟು ತಪ್ಪಿದರೆ ಮಂಕು ನಕ್ಷತ್ರಗಳು ಕಾಣೆಯಾಗುತ್ತವೆ, ಪ್ರಕಾಶದವು ಉಂಡೆಯಾಗುತ್ತವೆ.

ಬಹ್ತಿನೋವ್ ಮಾಸ್ಕ್ ತೆಗೆದುಕೊಳ್ಳಿ. ಸೀಳುಗಳಿರುವ ಒಂದು ತಟ್ಟೆ ಅದು, ಟೆಲಿಸ್ಕೋಪ್ ಬಾಯಿಗೆ ಮುಚ್ಚುವುದು. ಓರಿಯನ್‌ನಲ್ಲೇ ಇರುವ ರೈಜೆಲ್ ನಕ್ಷತ್ರದ ಕಡೆ ತಿರುಗಿಸಿ. ಕ್ಯಾಮೆರಾ ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ. ನಕ್ಷತ್ರದಿಂದ ಮೂರು ಗೆರೆಗಳು ಹೊರಟಿರುತ್ತವೆ. ಎರಡು ಗೆರೆ ಗುಣಾಕಾರ ಚಿಹ್ನೆಯಂತೆ ದಾಟಿರುತ್ತವೆ. ಮೂರನೆಯದು ಸರಿಯಾಗಿ ನಡುವೆ ಹಾಯುವವರೆಗೆ ಫೋಕಸ್ ತಿರುಗಿಸಿ. ಆಮೇಲೆ ಫೋಕಸರ್‌ನ ಲಾಕ್ ಸ್ಕ್ರೂ ಬಿಗಿ ಮಾಡಿ, ಮತ್ತೊಮ್ಮೆ ನೋಡಿ. ಬಿಗಿ ಮಾಡುವಾಗಲೇ ಸರಿಯುವುದು ಉಂಟು. ಮಾಸ್ಕ್ ತೆಗೆಯುವುದನ್ನು ಮರೆಯಬೇಡಿ. ಮರೆತು ಒಂದು ಗಂಟೆ ಫೋಟೊ ತೆಗೆದವರು ತುಂಬಾ ಜನ ಇದ್ದಾರೆ.

ಈಗ ಖಡ್ಗದ ಕಡೆ ಬಂದು ಎರಡು ಸೆಕೆಂಡಿನ ಒಂದು ಫೋಟೊ ತೆಗೆಯಿರಿ. ಟ್ರಪೀಜಿಯಂ ಮೇಲೆ ಪೂರ್ತಿ ಜೂಮ್ ಮಾಡಿ. ಅಲ್ಲಿನ ನಾಲ್ಕರಲ್ಲಿ ಅತಿ ಹತ್ತಿರದ ಜೋಡಿಯ ನಡುವೆ ಸುಮಾರು 9 ಆರ್ಕ್‌ಸೆಕೆಂಡ್ ಅಂತರ, ನಮ್ಮ 480 ಮಿ.ಮೀ. ಲೆಕ್ಕದಲ್ಲಿ ಐದು ಪಿಕ್ಸೆಲ್. ನಾಲ್ಕೂ ಬಿಡಿಯಾಗಿ ಕಂಡರೆ ನಿಮ್ಮ ಫೋಕಸ್ ಸರಿ ಇದೆ. ಎರಡು ಅಂಟಿಕೊಂಡಿದ್ದರೆ ವಾಪಸ್ ರೈಜೆಲ್‌ಗೆ ಹೋಗಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ರಾತ್ರಿ ತಣ್ಣಗಾದಂತೆ ಲೋಹದ ಕೊಳವೆ ಕುಗ್ಗುತ್ತದೆ, ಫೋಕಸ್ ಜರುಗುತ್ತದೆ. ಗಂಟೆಗೊಮ್ಮೆ ಈ ಪರೀಕ್ಷೆ ಮತ್ತೆ ಮಾಡಿ.

ಹಂತ 4: ಚೌಕಟ್ಟು

ಖಡ್ಗ ಉತ್ತರ-ದಕ್ಷಿಣವಾಗಿದೆ, ಅಲ್ವಾ? ಹಾಗಾದರೆ ಸೆನ್ಸರ್‌ನ ಉದ್ದ ಬದಿಯೂ ಉತ್ತರ-ದಕ್ಷಿಣ ಇರಬೇಕು. ಕಣ್ಣಳತೆಯಲ್ಲಿ ಇದು ಸಿಗುವುದಿಲ್ಲ. ಒಂದು ಉಪಾಯ ಇದೆ. ಹತ್ತು ಸೆಕೆಂಡಿನ ಎಕ್ಸ್‌ಪೋಷರ್ ಶುರು ಮಾಡಿ, ಅದು ನಡೆಯುತ್ತಿರುವಾಗಲೇ ಮೌಂಟ್‌ನ ಉತ್ತರ ದಿಕ್ಕಿನ ಬಟನ್ ಒತ್ತಿ. ಪ್ರಕಾಶದ ನಕ್ಷತ್ರಗಳು ಗೆರೆ ಎಳೆಯುತ್ತವೆ. ಆ ಗೆರೆಗಳು ಚೌಕಟ್ಟಿನ ಉದ್ದ ಬದಿಗೆ ಸಮಾನಾಂತರ ಆಗುವವರೆಗೆ ಕ್ಯಾಮೆರಾ ತಿರುಗಿಸಿ. ಎರಡು ಮೂರು ಸಲದಲ್ಲಿ ಸರಿಯಾಗುತ್ತದೆ. ಕ್ಯಾಮೆರಾ ತಿರುಗಿಸಿದ ಮೇಲೆ ಫೋಕಸ್ ಇನ್ನೊಮ್ಮೆ ನೋಡಲೇಬೇಕು.

ನೀಹಾರಿಕೆಯನ್ನು ನಟ್ಟನಡುವೆ ಇಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಇಟ್ಟರೆ ದಕ್ಷಿಣಕ್ಕೆ ಖಾಲಿ ಆಕಾಶ, ಉತ್ತರದ ಗುಚ್ಛ ಅಂಚಿಗೆ. ಎಂ43ಕ್ಕಿಂತ ಒಂದು ಚೂರು ಉತ್ತರದ ಜಾಗವನ್ನು ನಡುವೆ ಇಡಿ. ಆಗ ಎನ್‌ಜಿಸಿ 1981ಕ್ಕೂ ಅಯೋಟಕ್ಕೂ ಸಮ ಜಾಗ ಸಿಗುತ್ತದೆ. ಒಂದು 20 ಸೆಕೆಂಡಿನ ಫೋಟೊ ತೆಗೆದು ಎರಡೂ ತುದಿಯ ಗುಚ್ಛಗಳಿಗೆ ಉಸಿರಾಡಲು ಜಾಗ ಇದೆಯೇ ನೋಡಿ.

ಹಂತ 5: ಮೂರು ಗುಂಪಿನ ಎಕ್ಸ್‌ಪೋಷರ್

1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಫೋಟೊ ತೆಗೆದರು. ನೀಹಾರಿಕೆಯೊಂದರ ಮೊದಲ ಫೋಟೊ ಅದೇ. 11 ಇಂಚಿನ ಟೆಲಿಸ್ಕೋಪ್, 51 ನಿಮಿಷದ ಎಕ್ಸ್‌ಪೋಷರ್. ಅವರಿಗೆ ಒಂದು ಗಾಜಿನ ಫಲಕ, ಒಂದು ಅವಕಾಶ. ನಮಗೆ ಬೇಕಾದಷ್ಟು ತೆಗೆದು ಆಮೇಲೆ ಸೇರಿಸುವ ಅನುಕೂಲ ಇದೆ. ಅದನ್ನು ಪೂರ್ತಿ ಬಳಸಿಕೊಳ್ಳೋಣ.

ಈ ನೀಹಾರಿಕೆಯ ನಡುಭಾಗಕ್ಕೂ ಅಂಚಿನ ರೆಕ್ಕೆಗಳಿಗೂ ಪ್ರಕಾಶದಲ್ಲಿ ನೂರಾರು ಪಟ್ಟು ವ್ಯತ್ಯಾಸ ಇದೆ. ರೆಕ್ಕೆ ಕಾಣುವಷ್ಟು ಹೊತ್ತು ಶಟರ್ ತೆರೆದಿಟ್ಟರೆ ನಡುಭಾಗ ಸುಡುತ್ತದೆ. ನಡುಭಾಗಕ್ಕೆ ಸರಿಯಾಗಿ ಇಟ್ಟರೆ ರೆಕ್ಕೆ ಬರುವುದೇ ಇಲ್ಲ. ಸುಟ್ಟ ಪಿಕ್ಸೆಲ್‌ನಲ್ಲಿ ಮಾಹಿತಿಯೇ ಇರುವುದಿಲ್ಲ, ಯಾವ ತಂತ್ರಾಂಶವೂ ಅದನ್ನು ವಾಪಸ್ ತರುವುದಿಲ್ಲ. ಆದ್ದರಿಂದ ಮೂರು ಗುಂಪು.

ಉದ್ದದ ಗುಂಪು: 120 ಸೆಕೆಂಡಿನವು 60. ರೆಕ್ಕೆಗಳು, ಓಡುವ ಮನುಷ್ಯನ ನೀಲಿ, ಹಿನ್ನೆಲೆಯ ಕಂದು ದೂಳು ಬರುವುದು ಇದರಿಂದ.

ನಡುವಿನ ಗುಂಪು: 30 ಸೆಕೆಂಡಿನವು 30. ಎಂ43, ಕಪ್ಪು ಪಟ್ಟೆ, ಎರಡು ಹೊರ ಗುಚ್ಛಗಳ ನಕ್ಷತ್ರಗಳ ಬಣ್ಣ ಇದರಲ್ಲಿ ಚೆನ್ನಾಗಿರುತ್ತದೆ.

ಚಿಕ್ಕ ಗುಂಪು: 3ರಿಂದ 5 ಸೆಕೆಂಡಿನವು 40. ಟ್ರಪೀಜಿಯಂಗೋಸ್ಕರ ಇದು.

ಇವು ಎಫ್/6 ಟೆಲಿಸ್ಕೋಪ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಸೆಟ್ಟಿಂಗ್) 800, ಸಾಕಷ್ಟು ಕತ್ತಲಿರುವ ಜಾಗಕ್ಕೆ ಹೇಳಿದ ಅಂಕಿ. ಎಫ್/6 ಅಂದರೆ ಫೋಕಲ್ ಲೆಂತ್ ಟೆಲಿಸ್ಕೋಪ್‌ನ ಬಾಯಿ ಅಗಲದ ಆರು ಪಟ್ಟು. ಎಫ್/4 ಆದರೆ ಎಲ್ಲವನ್ನೂ ಅರ್ಧ ಮಾಡಿ. ನಗರದ ಬೆಳಕಿದ್ದರೆ ಉದ್ದದ ಗುಂಪನ್ನು 45 ಅಥವಾ 60 ಸೆಕೆಂಡಿಗೆ ಇಳಿಸಿ, ಸಂಖ್ಯೆ ಜಾಸ್ತಿ ಮಾಡಿ. ನಿಮ್ಮ ಅಂಕಿ ಸರಿ ಇದೆಯೇ ಎಂದು ಕ್ಯಾಮೆರಾ ಹಿಂದಿನ ಹಿಸ್ಟೋಗ್ರಾಮ್ ಹೇಳುತ್ತದೆ. ಯಾವ ಪ್ರಕಾಶದ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ಗುಡ್ಡದಂಥ ಚಿತ್ರ ಅದು. ಉದ್ದದ ಗುಂಪಿನಲ್ಲಿ ಗುಡ್ಡದ ತುದಿ ಎಡದಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಲಿ. ಎಡಗೋಡೆಗೆ ಅಂಟಿದ್ದರೆ ಎಕ್ಸ್‌ಪೋಷರ್ ಸಾಲದು. ನಡು ದಾಟಿದ್ದರೆ ಆಕಾಶದ ಬೆಳಕೇ ತುಂಬಿಕೊಂಡಿದೆ.

ಚಿಕ್ಕ ಗುಂಪನ್ನು ಮೊದಲು ತೆಗೆಯಿರಿ. ಮೂರು ನಾಲ್ಕು ನಿಮಿಷದ ಕೆಲಸ, "ಕೊನೆಗೆ ತೆಗೆದರಾಯಿತು" ಎಂದು ಬಿಟ್ಟರೆ ಮೋಡ ಬಂದೋ ಬ್ಯಾಟರಿ ಹೋಗಿಯೋ ಅದೇ ತಪ್ಪಿಹೋಗುತ್ತದೆ. ನನಗೂ ಒಂದು ವರ್ಷ ಹೀಗೇ ಆಗಿ, ಟ್ರಪೀಜಿಯಂಗಾಗಿ ಮುಂದಿನ ಅಮಾವಾಸ್ಯೆವರೆಗೆ ಕಾಯಬೇಕಾಯಿತು.

ಸೆಟ್ಟಿಂಗ್‌ಗಳು: ಮ್ಯಾನುಯಲ್ ಮೋಡ್. 30 ಸೆಕೆಂಡಿಗಿಂತ ಜಾಸ್ತಿ ಬೇಕಾದಾಗ, ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ ಬಲ್ಬ್ ಮೋಡ್. ಫೈಲ್ ರಾ ಮಾತ್ರ, ಜೆಪೆಗ್ ಬೇಡ. ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿ ಇಟ್ಟುಬಿಡಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಎಂಬ ಆಯ್ಕೆಯನ್ನು ಆಫ್ ಮಾಡಿ. ಅದು ಆನ್ ಇದ್ದರೆ ಪ್ರತಿ ಫೋಟೊ ಆದ ಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನೆ ಕೂರುತ್ತದೆ, ಅರ್ಧ ರಾತ್ರಿ ವ್ಯರ್ಥ.

ಫಿಲ್ಟರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹೈಡ್ರೋಜನ್, ಆಮ್ಲಜನಕದ ಬೆಳಕನ್ನು ಮಾತ್ರ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ನಗರದಲ್ಲಿ ಬಹಳ ಸಹಾಯ ಮಾಡುತ್ತದೆ, ನಿಜ. ಆದರೆ ಈ ಚೌಕಟ್ಟಿಗೆ ನಾನು ಬೇಡ ಅನ್ನುತ್ತೇನೆ. ನಕ್ಷತ್ರಗಳ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಎನ್‌ಜಿಸಿ 1977 ಹೊಳೆಯುವುದೂ ಹೆಚ್ಚಾಗಿ ನಕ್ಷತ್ರದ ಬೆಳಕಿನಿಂದಲೇ. ಆ ಫಿಲ್ಟರ್ ಹಾಕಿದರೆ ನೀಲಿ ಮೋಡ ಮಾಯವಾಗುತ್ತದೆ, ಗುಚ್ಛಗಳ ಬಣ್ಣ ಕೆಡುತ್ತದೆ. ನಗರದಲ್ಲೇ ಇದ್ದರೆ ಫಿಲ್ಟರ್ ಇಲ್ಲದೆ ಜಾಸ್ತಿ ಫೋಟೊ ತೆಗೆಯಿರಿ.

ಹಂತ 6: ತೆಗೆಯುತ್ತಿರುವಾಗ

ಒಂದು ನಿಮಿಷ ದಾಟುವ ಎಕ್ಸ್‌ಪೋಷರ್‌ಗೆ ಗೈಡಿಂಗ್ ಇದ್ದರೆ ಒಳ್ಳೆಯದು. ಪಕ್ಕದಲ್ಲಿ ಕಟ್ಟಿದ ಚಿಕ್ಕ ದುರ್ಬೀನು, ಅದಕ್ಕೊಂದು ಚಿಕ್ಕ ಕ್ಯಾಮೆರಾ. ಅದು ಒಂದು ನಕ್ಷತ್ರವನ್ನು ಕಾವಲು ಕಾಯುತ್ತಾ ಮೌಂಟ್ ಜಾರಿದಾಗೆಲ್ಲ ತಿದ್ದುತ್ತದೆ. ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. ಗೈಡಿಂಗ್ ಇಲ್ಲದಿದ್ದರೆ 30 ಸೆಕೆಂಡಿನವನ್ನೇ ಇನ್ನೂರು ತೆಗೆಯಿರಿ. ಎಂ42 ಅಷ್ಟರಲ್ಲೂ ಚೆನ್ನಾಗಿ ಬರುತ್ತದೆ.

ಎರಡು ಮೂರು ಫೋಟೊಗೊಮ್ಮೆ ಚೌಕಟ್ಟನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸಿ. ಇದಕ್ಕೆ ಡಿದರಿಂಗ್ ಅನ್ನುತ್ತಾರೆ. ಸೆನ್ಸರ್‌ನ ಕೆಟ್ಟ ಪಿಕ್ಸೆಲ್‌ಗಳು ಪ್ರತಿ ಸಲ ಆಕಾಶದ ಬೇರೆ ಜಾಗದ ಮೇಲೆ ಬೀಳುತ್ತವೆ, ಪೇರಿಸುವಾಗ ತಾವಾಗಿಯೇ ಹೋಗುತ್ತವೆ. ಇದನ್ನು ಮಾಡದವರ ಫೋಟೊ ಹಿನ್ನೆಲೆಯಲ್ಲಿ ಮಳೆ ಬಿದ್ದಂತೆ ಓರೆ ಗೆರೆಗಳು ಕಾಣುತ್ತವೆ.

ಓರಿಯನ್ ಅತಿ ಎತ್ತರದ ಗೆರೆ ದಾಟಿದ ಮೇಲೆ ಟೆಲಿಸ್ಕೋಪನ್ನು ಮೌಂಟ್‌ನ ಇನ್ನೊಂದು ಬದಿಗೆ ಹೊರಳಿಸಬೇಕಾಗುತ್ತದೆ, ಇಲ್ಲದಿದ್ದರೆ ಕ್ಯಾಮೆರಾ ಸ್ಟ್ಯಾಂಡಿಗೆ ತಾಗೀತು. ಹೊರಳಿದ ಮೇಲಿನ ಫೋಟೊಗಳು ತಲೆಕೆಳಗಾಗಿರುತ್ತವೆ. ಚಿಂತೆ ಬೇಡ, ತಂತ್ರಾಂಶ ತಾನೇ ತಿರುಗಿಸಿಕೊಳ್ಳುತ್ತದೆ. ಕೇಬಲ್ ಎಲ್ಲೂ ಸಿಕ್ಕಿಕೊಳ್ಳದಂತೆ ಮಾತ್ರ ಪಕ್ಕದಲ್ಲೇ ನಿಂತು ನೋಡಿ.

ಅರ್ಧ ಗಂಟೆಗೊಮ್ಮೆ ಲೆನ್ಸ್ ಮೇಲೆ ಇಬ್ಬನಿ ಕೂತಿದೆಯೇ ನೋಡುತ್ತಿರಿ. ಕೂತಿದ್ದರೆ ಒರೆಸಬೇಡಿ, ಬೆಚ್ಚಗಿನ ಗಾಳಿಯಿಂದ ಆರಿಸಿ.

ಹಂತ 7: ಡಾರ್ಕ್, ಫ್ಲ್ಯಾಟ್, ಬಯಾಸ್

ಇವು ಆಕಾಶದ ಫೋಟೊಗಳಲ್ಲ. ನಿಮ್ಮ ಕ್ಯಾಮೆರಾ, ಟೆಲಿಸ್ಕೋಪ್‌ಗಳ ದೋಷದ ಫೋಟೊಗಳು. ತಂತ್ರಾಂಶ ಇವನ್ನು ನೋಡಿ ಆ ದೋಷವನ್ನು ತೆಗೆಯುತ್ತದೆ.

ಡಾರ್ಕ್ ಅಂದರೆ ಟೆಲಿಸ್ಕೋಪ್‌ಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅಷ್ಟೇ ಸೆಕೆಂಡು, ಅದೇ ಚಳಿಯಲ್ಲಿ ತೆಗೆದ 20-30 ಫೋಟೊ. ಬಯಾಸ್ ಅಂದರೆ ಮುಚ್ಚಳ ಹಾಕಿಯೇ ಕ್ಯಾಮೆರಾದ ಅತಿ ವೇಗದ ಶಟರ್‌ನಲ್ಲಿ ತೆಗೆದ 50.

ಫ್ಲ್ಯಾಟ್ ಬಿಡಲೇಬೇಡಿ. ಟೆಲಿಸ್ಕೋಪ್ ಬಾಯಿಗೆ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಕಟ್ಟಿ, ಬೆಳಗಿನ ಜಾವದ ಆಕಾಶಕ್ಕೆ ಹಿಡಿದು, ಹಿಸ್ಟೋಗ್ರಾಮ್ ಗುಡ್ಡ ನಡುವೆ ಬರುವಂತೆ 30 ತೆಗೆಯಿರಿ. ಅಷ್ಟರವರೆಗೆ ಕ್ಯಾಮೆರಾ ಬಿಚ್ಚಬಾರದು, ತಿರುಗಿಸಬಾರದು, ಫೋಕಸ್ ಮುಟ್ಟಬಾರದು. ಮೂಲೆಗಳು ಕಪ್ಪಾಗುವುದು, ಸೆನ್ಸರ್ ಮೇಲಿನ ದೂಳಿನ ಉಂಗುರ ಎರಡೂ ಇದರಿಂದಲೇ ಹೋಗುವುದು. ಫ್ಲ್ಯಾಟ್ ಇಲ್ಲದೆ ಎನ್‌ಜಿಸಿ 1981ರ ಸುತ್ತಲಿನ ಮಂಕು ದೂಳನ್ನು ಮೇಲೆತ್ತಲು ಹೋದರೆ ಕಪ್ಪು ಮೂಲೆಯೂ ಅದರ ಜೊತೆಗೇ ಎದ್ದು ಕಾಣುತ್ತದೆ.

ಹಂತ 8: ಪೇರಿಸುವುದು

ಸ್ಟ್ಯಾಕಿಂಗ್ ಅಂದರೆ ಎಲ್ಲ ಫೋಟೊಗಳನ್ನೂ ನಕ್ಷತ್ರದ ಮೇಲೆ ನಕ್ಷತ್ರ ಬರುವಂತೆ ಪೇರಿಸಿ ಸರಾಸರಿ ತೆಗೆಯುವುದು. ನಾಲ್ಕು ಪಟ್ಟು ಫೋಟೊ ಇದ್ದರೆ ಕಾಳುಕಾಳಾಗಿ ಕಾಣುವ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎರಡೂ ಉಚಿತ, ಎರಡೂ ಒಳ್ಳೆಯವು.

ಮೂರು ಗುಂಪನ್ನೂ ಬೇರೆ ಬೇರೆಯಾಗಿ ಪೇರಿಸಿ. ಪ್ರತಿ ಗುಂಪಿಗೂ ಅದರದೇ ಡಾರ್ಕ್, ಎಲ್ಲಕ್ಕೂ ಒಂದೇ ಫ್ಲ್ಯಾಟ್. ಕೊನೆಯಲ್ಲಿ ಮೂರೂ ಚಿತ್ರಗಳನ್ನು ಒಂದನ್ನು ಆಧಾರವಾಗಿಟ್ಟು ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ಒಂದರ ಮೇಲೊಂದು ಕೂರುವುದಿಲ್ಲ. ಪೇರಿಸುವ ಮೊದಲು ಪ್ರತಿ ಫೋಟೊವನ್ನೂ ಕಣ್ಣಾರೆ ನೋಡಿ. ನಕ್ಷತ್ರ ಉದ್ದವಾದದ್ದು, ಮೋಡ ಅಡ್ಡ ಬಂದದ್ದನ್ನು ತೆಗೆದುಹಾಕಿ. ಉಪಗ್ರಹದ ಗೆರೆ ಇರುವುದನ್ನು ತೆಗೆದುಹಾಕಬೇಡಿ, ಉಳಿದ ಫೋಟೊಗಳಿಗೆ ಹೊಂದದ ಪಿಕ್ಸೆಲ್‌ಗಳನ್ನು ಬಿಟ್ಟುಬಿಡುವ ಸಿಗ್ಮಾ ಕ್ಲಿಪ್ಪಿಂಗ್ ಆಯ್ಕೆ ಹಾಕಿದರೆ ಅದು ಅಳಿಸಿಹೋಗುತ್ತದೆ.

ಹಂತ 9: ಬೆರೆಸುವುದು, ಬಣ್ಣ ಕೂರಿಸುವುದು

ಪೇರಿಸಿದ ಚಿತ್ರ ತೆರೆದಾಗ ಹೆಚ್ಚುಕಡಿಮೆ ಕಪ್ಪಾಗಿರುತ್ತದೆ. ಗಾಬರಿ ಬೇಡ. ಮಾಹಿತಿಯೆಲ್ಲ ಎಡತುದಿಯಲ್ಲಿ ಒತ್ತಿಕೊಂಡಿದೆ. ಅದನ್ನು ಹಿಗ್ಗಿಸುವುದೇ ಸ್ಟ್ರೆಚಿಂಗ್.

ಮೊದಲು ಹಿನ್ನೆಲೆಯ ಬೆಳಕಿನ ಏರುಪೇರು ತೆಗೆಯಬೇಕು. ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಆ ಕೆಲಸಕ್ಕೆ ತಂತ್ರಾಂಶ ಚಿತ್ರದ ತುಂಬಾ ಮಾದರಿ ಚುಕ್ಕಿಗಳನ್ನು ಇಡುತ್ತದೆ. ಖಡ್ಗದ ಸುತ್ತ ಎಲ್ಲ ಕಡೆಯೂ ಮಂಕು ದೂಳಿದೆ. ಚುಕ್ಕಿ ದೂಳಿನ ಮೇಲೆ ಬಿದ್ದರೆ ಅದನ್ನೇ ಕೊಳೆ ಎಂದು ತಿಳಿದು ತೆಗೆದುಬಿಡುತ್ತದೆ. ನೀಹಾರಿಕೆಯ ಮೇಲೂ ಹತ್ತಿರವೂ ಇರುವ ಚುಕ್ಕಿಗಳನ್ನೆಲ್ಲ ಕೈಯಿಂದ ಅಳಿಸಿ, ಖಾಲಿ ಕಾಣುವ ಕೆಲವೇ ಜಾಗಗಳಲ್ಲಿ ಉಳಿಸಿ.

ಸಿರಿಲ್‌ನಲ್ಲಿ ನಕ್ಷತ್ರಗಳ ನಿಜವಾದ ಬಣ್ಣದ ಪಟ್ಟಿ ನೋಡಿ ಬಣ್ಣ ಸರಿ ಮಾಡುವ ಆಯ್ಕೆ ಇದೆ, ಅದನ್ನು ಬಳಸಿ. ಆಮೇಲೆ ಹಿಗ್ಗಿಸಲು ಆಸಿನ್‌ಎಚ್ ವಿಧಾನ ಆರಿಸಿಕೊಳ್ಳಿ. ಮಾಮೂಲಿ ಕರ್ವ್ಸ್‌ನಲ್ಲಿ ನಕ್ಷತ್ರಗಳೆಲ್ಲ ಬೆಳ್ಳಗಾಗುತ್ತವೆ, ಇದರಲ್ಲಿ ಬಣ್ಣ ಉಳಿಯುತ್ತದೆ. ಖಡ್ಗದ ಬಿಸಿ ನಕ್ಷತ್ರಗಳ ನೀಲಿ, ಅಲ್ಲಲ್ಲಿ ಹಿಂದಿನ ಆಕಾಶದ ತಣ್ಣನೆ ನಕ್ಷತ್ರಗಳ ಕಿತ್ತಳೆ ಎರಡೂ ಉಳಿದರೆ ಮಾತ್ರ ಗುಚ್ಛ ಗುಚ್ಛವಾಗಿ ಕಾಣುವುದು.

ಈಗ ಮೂರೂ ಚಿತ್ರಗಳನ್ನು ಗಿಂಪ್ ಅಥವಾ ಫೋಟೊಶಾಪ್‌ನಲ್ಲಿ ಪದರ ಪದರವಾಗಿ ಇಡಿ. ಕೆಳಗೆ ಉದ್ದದ ಗುಂಪು, ಅದರ ಮೇಲೆ ನಡುವಿನದು, ಎಲ್ಲಕ್ಕೂ ಮೇಲೆ ಚಿಕ್ಕದು. ನಡುವಿನ ಪದರಕ್ಕೆ ಮಾಸ್ಕ್ ಹಾಕಿ. ಮಾಸ್ಕ್‌ನಲ್ಲಿ ಬಿಳಿ ಇರುವ ಕಡೆ ಆ ಪದರ ಕಾಣುತ್ತದೆ, ಕಪ್ಪಿರುವ ಕಡೆ ಕೆಳಗಿನದು. ಉದ್ದದ ಚಿತ್ರದ ಕಪ್ಪು-ಬಿಳುಪು ಪ್ರತಿಯನ್ನೇ ಮಾಸ್ಕ್‌ಗೆ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ಸುಟ್ಟ ಜಾಗ ಬಿಳಿ, ಉಳಿದದ್ದು ಕಪ್ಪು. ಅದನ್ನು ಚೆನ್ನಾಗಿ ಮಬ್ಬು ಮಾಡಿ, ಅಂಚು ಗೊತ್ತಾಗಬಾರದು. ಚಿಕ್ಕ ಗುಂಪಿಗೂ ಹೀಗೇ, ಅದರ ಮಾಸ್ಕ್ ಟ್ರಪೀಜಿಯಂ ಸುತ್ತಮುತ್ತ ಮಾತ್ರ.

ಇಲ್ಲಿ ಎಲ್ಲರಿಗೂ ಆಗುವ ತಪ್ಪು ಒಂದಿದೆ. ಚಿಕ್ಕ ಗುಂಪನ್ನು ತೀರಾ ಮಂಕಾಗಿ ಇಟ್ಟು ಬೆರೆಸುತ್ತಾರೆ. ಆಗ ನೀಹಾರಿಕೆಯ ನಡುವೆ ಬೂದು ಬಣ್ಣದ ತೂತು ಬಿದ್ದಂತೆ ಕಾಣುತ್ತದೆ. ಕಣ್ಣಿಗೆ ಗೊತ್ತಿರುವುದು ನಡುವೆಯೇ ಬೆಳಕು ಜಾಸ್ತಿ ಎಂದು. ನಾಲ್ಕು ನಕ್ಷತ್ರಗಳು ಬಿಡಿಯಾಗಿ ಕಾಣಲಿ, ಆದರೆ ಆ ಜಾಗ ಇಡೀ ಚಿತ್ರದಲ್ಲಿ ಅತಿ ಪ್ರಕಾಶವಾಗಿಯೇ ಉಳಿಯಲಿ. ಹೊರಗಿನಿಂದ ನಡುವಿಗೆ ಬೆಳಕು ಮೆಲ್ಲಗೆ ಏರುತ್ತಾ ಬಂದರೆ ಬೆರೆಸಿದ್ದು ಸರಿಯಾಗಿದೆ.

ನಡುಭಾಗ ಸ್ವಲ್ಪ ಹಸಿರು ಮಿಶ್ರಿತ ನೀಲಿ ಬಂದರೆ ತಪ್ಪಲ್ಲ. ಅದು ಆಮ್ಲಜನಕದ 500.7 ನ್ಯಾನೋಮೀಟರ್ ಬೆಳಕು. ಹಸಿರು ತೆಗೆಯುವ ಆಯ್ಕೆಯನ್ನು ಪೂರ್ತಿ ಬಲದಲ್ಲಿ ಹಾಕಿದರೆ ಇದೂ ಪೆಟ್ಟು ತಿನ್ನುತ್ತದೆ. ಹಿನ್ನೆಲೆಯನ್ನೂ ಅಚ್ಚ ಕಪ್ಪು ಮಾಡಬೇಡಿ. ಹಾಗೆ ಮಾಡಿದರೆ ಎರಡು ಗಂಟೆ ಕೂತು ಹಿಡಿದ ದೂಳು ಒಂದೇ ಕ್ಲಿಕ್‌ನಲ್ಲಿ ಹೋಗುತ್ತದೆ. ನಕ್ಷತ್ರಗಳನ್ನು ಚಿಕ್ಕದು ಮಾಡುವ ಸಾಧನಗಳನ್ನು ಈ ಚಿತ್ರಕ್ಕೆ ನಾನು ಬಳಸುವುದಿಲ್ಲ. ಗುಚ್ಛಗಳನ್ನು ತೋರಿಸಲೆಂದೇ ಇಷ್ಟೆಲ್ಲ ಮಾಡಿ, ಕೊನೆಗೆ ಅವನ್ನೇ ಕುಗ್ಗಿಸುವುದು ನನಗೆ ಸರಿ ಕಾಣುವುದಿಲ್ಲ.

ರಾ ಫೈಲುಗಳನ್ನೂ ಡಾರ್ಕ್, ಫ್ಲ್ಯಾಟ್, ಬಯಾಸ್‌ಗಳನ್ನೂ ದಿನಾಂಕ ಬರೆದ ಫೋಲ್ಡರ್‌ನಲ್ಲಿ ಎತ್ತಿಡಿ. ಮುಂದಿನ ಅಮಾವಾಸ್ಯೆಗೆ ಇದೇ ಟೆಲಿಸ್ಕೋಪ್, ಇದೇ ಕ್ಯಾಮೆರಾದಲ್ಲಿ ಇನ್ನೆರಡು ಗಂಟೆ ತೆಗೆದರೆ ಇವುಗಳ ಜೊತೆಗೇ ಪೇರಿಸಬಹುದು. ಆ ರಾತ್ರಿಯ ಫ್ಲ್ಯಾಟ್ ಮಾತ್ರ ಹೊಸದಾಗಿ ತೆಗೆಯಬೇಕು.